ರಕ್ತ ಕೇಳಿದವರಿಗೆ ಬಣ್ಣ ತೋರಿಸಿದವಳು

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಹರಾಜೊಂದರಲ್ಲಿ ಅಮೃತಾ ಶೇರ್‌ಗಿಲ್ ಅವರ ‘ದಿ ಸ್ಟೋರಿ ಟೆಲ್ಲರ್’ ಎಂಬ ಚಿತ್ರ 61.8 ಕೋಟಿ ರೂಪಾಯಿಗೆ ಮಾರಾಟವಾಯಿತು. ಭಾರತೀಯ ಕಲಾಕೃತಿಯೊಂದಕ್ಕೆ ಅಲ್ಲಿಯವರೆಗೆ ಹರಾಜಿನಲ್ಲಿ ಸಂದ ಅತ್ಯಧಿಕ ಬೆಲೆ ಅದು. ಆ ಚಿತ್ರ ಬರೆದ 1937ರಲ್ಲಿ ಅಮೃತಾ ಅವರು ಕೊಳ್ಳುವವರಿಗಾಗಿ ಊರೂರು ಅಲೆಯುತ್ತಿದ್ದರು ಎಂಬುದನ್ನು ನೆನೆದರೆ, ಬೆಲೆ ಮತ್ತು ಮೌಲ್ಯ ಬೇರೆ ಬೇರೆ ಎಂಬ ಅರ್ಥಶಾಸ್ತ್ರದ ಹಳೆಯ ಪಾಠ ಮತ್ತೊಮ್ಮೆ ಮನದಟ್ಟಾಗುತ್ತದೆ.

ಅಮೃತಾ ಹುಟ್ಟಿದ್ದು 1913ರ ಜನವರಿ 30ರಂದು, ಬುಡಾಪೆಸ್ಟ್ ನಗರದಲ್ಲಿ. ತಂದೆ ಉಮ್ರಾವ್ ಸಿಂಗ್, ಪಂಜಾಬಿನ ಮಜೀಠಿಯಾ ಸರದಾರರ ಮನೆತನದವರು; ಸಂಸ್ಕೃತ, ಪರ್ಷಿಯನ್ ಬಲ್ಲ ವಿದ್ವಾಂಸರು, ಛಾಯಾಗ್ರಾಹಕರು. ತಾಯಿ ಹಂಗೇರಿಯ ಗಾಯಕಿ. ಮೊದಲ ಮಹಾಯುದ್ಧದಿಂದಾಗಿ ಹಂಗೇರಿಯಲ್ಲೇ ಉಳಿದಿದ್ದ ಕುಟುಂಬ 1921ರಲ್ಲಿ ಸಿಮ್ಲಾಕ್ಕೆ ಬಂತು. ಅದು ಬ್ರಿಟಿಷ್ ಸಾಮ್ರಾಜ್ಯದ ಬೇಸಿಗೆ ರಾಜಧಾನಿ. ಮನುಷ್ಯರನ್ನು ಮೈಬಣ್ಣದ ಮೇಲೆ ವಿಂಗಡಿಸುತ್ತಿದ್ದ ಆ ವ್ಯವಸ್ಥೆಯಲ್ಲಿ ಈ ಹುಡುಗಿಯನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ.

1929ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಅವರು ಕಲಾಭ್ಯಾಸಕ್ಕೆ ಪ್ಯಾರಿಸ್‌ಗೆ ಹೋದರು. 1932ರಲ್ಲಿ ಬರೆದ ‘ಯಂಗ್ ಗರ್ಲ್ಸ್’ ಚಿತ್ರ ಮರುವರ್ಷ ಅಲ್ಲಿನ ಪ್ರತಿಷ್ಠಿತ ಕಲಾಪ್ರದರ್ಶನದಲ್ಲಿ ಚಿನ್ನದ ಪದಕ ಗಳಿಸಿತು. 1934ರಲ್ಲಿ ಅವರು ತಮ್ಮನ್ನೇ ತಹಿತಿ ದ್ವೀಪದ ಹೆಣ್ಣಾಗಿ ಚಿತ್ರಿಸಿಕೊಂಡರು. ಫ್ರಾನ್ಸಿನ ವಸಾಹತಾಗಿದ್ದ ಆ ದ್ವೀಪದ ಹೆಣ್ಣುಗಳನ್ನು ಪಾಲ್ ಗೋಗಾಂ ಅದಾಗಲೇ ಯುರೋಪಿನ ಕಣ್ಣಿಗೆ ಉಣಬಡಿಸಿದ್ದರು. ಆ ಚೌಕಟ್ಟಿನೊಳಗೆ ಈಕೆ ಸ್ವತಃ ಹೋಗಿ ನಿಂತರು. ಹಿಂದೆ ಗಂಡಸಿನ ನೆರಳೊಂದು ಕವಿದಿದೆ. ನೋಡುವವರಾರು, ನೋಡಿಸಿಕೊಳ್ಳುವವರಾರು ಎಂಬ ಪ್ರಶ್ನೆಯನ್ನು ಇಪ್ಪತ್ತೊಂದರ ಯುವತಿ ಮಾತಿಲ್ಲದೆ ಮುಂದಿಟ್ಟಿದ್ದರು.

ಅದೇ ವರ್ಷದ ಕೊನೆಗೆ ಅವರು ಭಾರತಕ್ಕೆ ಮರಳಿದರು. ಇಲ್ಲಿ ಎರಡು ಸಿದ್ಧ ದಾರಿಗಳಿದ್ದವು. ಒಂದು, ಬಿಸಿಲು, ಬಜಾರು, ಬಣ್ಣದ ಪೇಟಗಳ ಭಾರತವನ್ನು ಸಾಹೇಬರಿಗೆ ಒಪ್ಪುವಂತೆ ಬರೆಯುವುದು. ಇನ್ನೊಂದು, ಬಂಗಾಳದ ಪುನರುಜ್ಜೀವನವಾದಿಗಳಂತೆ ಗತವೈಭವವನ್ನು ಕನವರಿಸುವುದು. ಅಮೃತಾ ಎರಡನ್ನೂ ನಿರಾಕರಿಸಿದರು. 1935ರಲ್ಲಿ ಸಿಮ್ಲಾದ ಕಲಾಸಂಘ ಅವರ ಕೆಲವು ಚಿತ್ರಗಳನ್ನು ತಿರಸ್ಕರಿಸಿ ಒಂದಕ್ಕೆ ಬಹುಮಾನ ಘೋಷಿಸಿದಾಗ, ಆ ಬಹುಮಾನವನ್ನೇ ಹಿಂದಿರುಗಿಸಿದರು.

1936ರ ಕೊನೆಯಲ್ಲಿ ಅವರು ದಕ್ಷಿಣದತ್ತ ಹೊರಟರು. ಅಜಂತಾದ ಗುಹೆಗಳು, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳು ಅವರ ಕುಂಚದ ದಿಕ್ಕನ್ನೇ ಬದಲಿಸಿದವು. ‘ಬ್ರೈಡ್ಸ್ ಟಾಯ್ಲೆಟ್’, ‘ಬ್ರಹ್ಮಚಾರೀಸ್’ ಮತ್ತು ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರ ಚಿತ್ರ ಹುಟ್ಟಿದ್ದು 1937ರಲ್ಲಿ, ಈ ಪ್ರವಾಸದ ಫಲವಾಗಿ. ಅವುಗಳಲ್ಲಿ ಕಪ್ಪು ಮೈಬಣ್ಣ ಕೊರತೆಯಲ್ಲ, ಅಲಂಕಾರವೂ ಅಲ್ಲ. ಅದೇ ಚಿತ್ರದ ಘನತೆ. ಆದರೆ ಕೊಳ್ಳುವವರಿರಲಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಚಿತ್ರಗಳನ್ನು ಹಿಂದಿರುಗಿಸಿದರು. ನಮ್ಮ ಮೈಸೂರಿನ ಅರಮನೆಯೂ ಅವರನ್ನು ಬಿಟ್ಟು ರವಿವರ್ಮನಿಗೇ ಮಣೆ ಹಾಕಿತು. ಕಲಾಪೋಷಣೆಗೆ ಹೆಸರಾದ ಸಂಸ್ಥಾನವೂ ಹೊಸತನ್ನು ಗುರುತಿಸುವಲ್ಲಿ ಎಡವಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಅವರ ಮಿತಿಗಳನ್ನು ಮರೆಮಾಚಬೇಕಿಲ್ಲ. ಅವರು ಸಿರಿವಂತ ಮನೆತನದವರು. 1938ರಲ್ಲಿ ಹಂಗೇರಿಯ ಬಂಧು, ವೈದ್ಯ ವಿಕ್ಟರ್ ಈಗನ್ ಅವರನ್ನು ವಿವಾಹವಾದ ಮೇಲೆ ನೆಲೆಸಿದ್ದೂ ಗೋರಖಪುರ ಸೀಮೆಯ ಸರಾಯಾದಲ್ಲಿದ್ದ ಕುಟುಂಬದ ಜಮೀನ್ದಾರಿಯಲ್ಲೇ. ಅವರ ಚಿತ್ರಗಳ ಬಡವರು ಮೌನವಾಗಿ, ವಿಷಣ್ಣರಾಗಿ ಕುಳಿತಿರುತ್ತಾರೆ. ಸಿಟ್ಟಾಗುವುದು ವಿರಳ, ನಗುವುದು ಇನ್ನೂ ವಿರಳ. ಆ ವಿಷಾದ ಹಳ್ಳಿಗರದೋ ಚಿತ್ರಿಸಿದವರದೋ ಎಂದು ಕೇಳುವುದು ನ್ಯಾಯವೇ. ಆದರೆ ಅದುವರೆಗೆ ಹಿನ್ನೆಲೆಯಲ್ಲಿ ಉಳಿದಿದ್ದ ಸಾಮಾನ್ಯ ಹೆಣ್ಣುಮಕ್ಕಳನ್ನು ಅವರು ಚಿತ್ರದ ನಡುಮಧ್ಯಕ್ಕೆ ತಂದು ಕೂರಿಸಿದರು ಎಂಬುದೂ ಅಷ್ಟೇ ನಿಜ.

1941ರಲ್ಲಿ ದಂಪತಿ ಲಾಹೋರ್‌ಗೆ ಹೋದರು. ಅಲ್ಲಿ ಪ್ರದರ್ಶನದ ಸಿದ್ಧತೆಯಲ್ಲಿದ್ದಾಗಲೇ, ಡಿಸೆಂಬರ್ ಮೊದಲ ವಾರ, ಅಮೃತಾ ಹಠಾತ್ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು 28. ಅದೇ ವಾರ ಬ್ರಿಟನ್ ಹಂಗೇರಿಯ ಮೇಲೆ ಯುದ್ಧ ಸಾರಿತು; ಪತ್ನಿಯನ್ನು ಕಳೆದುಕೊಂಡ ಈಗನ್ ಶತ್ರುದೇಶದ ಪ್ರಜೆಯಾದರು. ಜೀವನವಿಡೀ ಎರಡು ನೆಲಗಳನ್ನು ಬೆಸೆದ ಹೆಣ್ಣಿನ ಮನೆಯ ನಡುವೆಯೇ ಗಡಿರೇಖೆ ಹಾದುಹೋಯಿತು.

ಸ್ವತಂತ್ರ ಭಾರತ 1976ರಲ್ಲಿ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತು ಎಂದು ಘೋಷಿಸಿತು. ಅಂಥ ಕೃತಿಗಳನ್ನು ದೇಶದಿಂದಾಚೆ ಮಾರುವಂತಿಲ್ಲ. ವಿದೇಶದಲ್ಲಿ ಹುಟ್ಟಿದ, ವಿದೇಶಿ ತಾಯಿಯ ಮಗಳು ಬರೆದದ್ದು ಈ ದೇಶ ಬಿಟ್ಟುಕೊಡಲಾಗದ ಆಸ್ತಿಯಾಯಿತು. ಯಾರು ನಮ್ಮವರು, ಯಾರು ಹೊರಗಿನವರು ಎಂದು ವಂಶಾವಳಿ ಬಿಡಿಸಿ ತೀರ್ಮಾನಿಸಲು ಹೊರಡುವವರು ಈ ಘೋಷಣೆಯನ್ನು ಒಮ್ಮೆ ನೆನೆಯಬೇಕು. ದೇಶವೊಂದಕ್ಕೆ ಸೇರುವುದು ಹುಟ್ಟಿನಿಂದ ಮಾತ್ರವಲ್ಲ. ಅದನ್ನು ಎಷ್ಟು ಹೊತ್ತು, ಎಷ್ಟು ಶ್ರದ್ಧೆಯಿಂದ ನೋಡಿದೆವು ಎಂಬುದರಿಂದಲೂ.