ನಿಂತ ನೀರಾಗದ ಬಾಳು: ಲೊಯೋಲದ ಸಂತ ಇಗ್ನೇಷಿಯಸ್



ಭಾನುವಾರದ ಬಲಿಪೂಜೆ ಮುಗಿದ ಮೇಲೆ ಗುರುಗಳನ್ನು ಕಾಣಲು ಬರುವವರಲ್ಲಿ ಎರಡು ಬಗೆಯವರಿರುತ್ತಾರೆ. ಕೆಲಸ ಸಿಗುವಂತೆ ಪ್ರಾರ್ಥಿಸಿ ಎಂದು ಕೇಳುವವರು ಒಂದು ಬಗೆ. ಕೆಲಸ ಇದ್ದೂ ನೆಮ್ಮದಿ ಇಲ್ಲದವರು ಇನ್ನೊಂದು ಬಗೆ. ಹದಿನೈದು ವರ್ಷಗಳಿಂದ ಅದೇ ಕುರ್ಚಿ, ಅದೇ ಕಡತ, ಅದೇ ಯಂತ್ರ. ಹೊಸದನ್ನು ಕಲಿತಿಲ್ಲ, ಕಿರಿಯರು ಮುಂದೆ ಹೋದರು, ಕಂಪೆನಿ ಮುಚ್ಚಿದರೆ ಗತಿ ಏನೆಂಬ ಭಯ ರಾತ್ರಿ ನಿದ್ದೆಗೆಡಿಸುತ್ತದೆ. ಆ ಬೇಸರ ಮನೆಗೂ ಬರುತ್ತದೆ. ಊಟದ ಹೊತ್ತಿನಲ್ಲಿ ಸಿಡುಕಾಗಿ, ಮಕ್ಕಳ ಮೇಲೆ ಕೋಪವಾಗಿ, ಕೆಲವೊಮ್ಮೆ ಕುಡಿತವಾಗಿ ಅದು ಇಡೀ ಕುಟುಂಬವನ್ನು ಕಾಡುತ್ತದೆ.

ನೀವು ಈ ಎರಡನೆಯ ಬಗೆಯವರಾಗಿದ್ದರೆ ಇಂದು ನಿಮಗೊಬ್ಬ ಸಂತರ ಬಾಳನ್ನು ಹೇಳಬಯಸುತ್ತೇನೆ. ಯೇಸುಸಭೆಯ ಸಂಸ್ಥಾಪಕರೆಂದು ಲೊಯೋಲದ ಸಂತ ಇಗ್ನೇಷಿಯಸರನ್ನು ನಾವೆಲ್ಲರೂ ಬಲ್ಲೆವು. ಆದರೆ ಮೂವತ್ತು ವರ್ಷ ವಯಸ್ಸಾಗುವ ಹೊತ್ತಿಗೆ ಅವರ ಬಾಳಿನ ದಾರಿ ಎರಡು ಸಲ ಮುಚ್ಚಿಹೋಗಿತ್ತು ಎಂಬುದನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ.

ಒಡೆಯನ ನೆರಳಿನಲ್ಲಿ

ಇಗ್ನೇಷಿಯಸರು ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಉತ್ತರದಲ್ಲಿರುವ ಬಾಸ್ಕ್ ನಾಡಿನಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು. ಜ್ಞಾನಸ್ನಾನದ ಹೆಸರು ಇನಿಗೋ. ಕಿರಿಯ ಮಗನಿಗೆ ಆಸ್ತಿಯ ಆಸೆ ಕಡಿಮೆ. ಹೀಗಾಗಿ ಹದಿನೈದರ ಆಸುಪಾಸಿನಲ್ಲಿ ಅವರನ್ನು ಅರೆವಲೊ ಪಟ್ಟಣದಲ್ಲಿದ್ದ ರಾಜನ ಖಜಾನೆಯ ಅಧಿಕಾರಿ ಹುವಾನ್ ವೆಲಾಸ್ಕೆಸ್ ಅವರ ಮನೆಗೆ ಕಳುಹಿಸಲಾಯಿತು. ಅಲ್ಲಿ ಆಸ್ಥಾನದ ರೀತಿನೀತಿ, ಕತ್ತಿವರಸೆ, ಅಂದವಾದ ಬರವಣಿಗೆ ಎಲ್ಲವನ್ನೂ ಕಲಿತರು. ಒಡೆಯರ ಕೃಪೆ ಇರುವ ತನಕ ತನ್ನ ಭವಿಷ್ಯ ಭದ್ರ ಎಂದು ಆ ಯುವಕ ನಂಬಿದ್ದನು.

ಆದರೆ ಒಡೆಯರೇ ಅರಮನೆಯ ಕೃಪೆ ಕಳೆದುಕೊಂಡರು. 1517ರಲ್ಲಿ ಸಾಲದ ಹೊರೆಯಲ್ಲಿ ತೀರಿಕೊಂಡರು. ಅವರ ವಿಧವೆ ಕೊಟ್ಟ ಸ್ವಲ್ಪ ಹಣ ಮತ್ತು ಎರಡು ಕುದುರೆಗಳು: ಹತ್ತು ವರ್ಷಗಳ ಸೇವೆಯ ಕೊನೆಗೆ ಇನಿಗೋ ಕೈಯಲ್ಲಿ ಉಳಿದದ್ದು ಇಷ್ಟೇ. ಒಬ್ಬರ ಆಸರೆಯನ್ನೇ ನೆಚ್ಚಿ ಮುಂದಿನದನ್ನು ಯೋಚಿಸದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಆದರೂ ಇನಿಗೋ ಆಗ ಪಾಠ ಕಲಿಯಲಿಲ್ಲ. ನವಾರ್ರಾ ಪ್ರಾಂತದ ರಾಜಪ್ರತಿನಿಧಿಯಾಗಿದ್ದ ಇನ್ನೊಬ್ಬ ಒಡೆಯನ ಬಳಿ ಸೇರಿಕೊಂಡರು.

1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫ್ರೆಂಚರ ಫಿರಂಗಿ ಗುಂಡು ಅವರ ಬಲಗಾಲನ್ನು ಮುರಿಯಿತು, ಎಡಗಾಲಿಗೂ ಗಾಯವಾಯಿತು. ಲೊಯೋಲದ ಮನೆಗೆ ಹೊತ್ತು ತಂದರು. ಮುರಿದ ಮೂಳೆ ಅಡ್ಡಾದಿಡ್ಡಿಯಾಗಿ ಕೂಡಿಕೊಂಡು ಮೊಣಕಾಲಿನ ಕೆಳಗೆ ಗಂಟಿನಂತೆ ಎದ್ದು ನಿಂತಿತು. ಒಪ್ಪವಾದ ಬೂಟು ಹಾಕಲಾಗದು ಎಂಬ ಒಂದೇ ಕಾರಣಕ್ಕೆ ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಆ ಮೂಳೆಯನ್ನು ಕೊಯ್ಯಿಸಿಕೊಂಡರು. ಕೈತಪ್ಪಿ ಹೋಗುತ್ತಿದ್ದ ಹಳೆಯ ಬದುಕನ್ನು ಅವರು ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು!

ಹಾಸಿಗೆಯ ಮೇಲೆ ಸಿಕ್ಕ ಅರಿವು

ಮಲಗಿದಲ್ಲೇ ತಿಂಗಳುಗಳು ಕಳೆದವು. ಓದಲು ವೀರರ ಪ್ರೇಮಕಥೆಗಳನ್ನು ಕೇಳಿದರು. ಆ ಮನೆಯಲ್ಲಿದ್ದದ್ದು ಕ್ರಿಸ್ತರ ಜೀವನ ಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಬೇರೆ ದಾರಿಯಿಲ್ಲದೆ ಅವನ್ನೇ ಓದಿದರು. ಕೆಲವು ಹೊತ್ತು ಕುಲೀನ ಹೆಂಗಸೊಬ್ಬಳನ್ನು ಮೆಚ್ಚಿಸುವ ಕನಸು ಕಾಣುವರು. ಕೆಲವು ಹೊತ್ತು ಸಂತ ಫ್ರಾನ್ಸಿಸ್, ಸಂತ ದೊಮಿನಿಕರಂತೆ ತಾನೂ ಬಾಳಿದರೆ ಹೇಗೆ ಎಂದು ಯೋಚಿಸುವರು.

ಇಲ್ಲಿ ಅವರು ಒಂದು ಸಂಗತಿಯನ್ನು ಗಮನಿಸಿದರು. ಎರಡು ಬಗೆಯ ಕನಸುಗಳೂ ಕಾಣುವಾಗ ಸವಿಯಾಗಿಯೇ ಇದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬರಿದಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ದೇವರು ತಮ್ಮೊಡನೆ ಮಾತನಾಡುತ್ತಿರುವುದು ಈ ಉಳಿದ ಸಂತೋಷದಲ್ಲಿ ಎಂದು ಅವರಿಗೆ ತಿಳಿಯಿತು. ಧರ್ಮಸಭೆಗೆ ಅವರಿಂದ ಬಂದ ವಿವೇಚನೆಯ ವಿದ್ಯೆಯೆಲ್ಲಾ ಈ ಚಿಕ್ಕ ಗಮನಿಕೆಯಿಂದ ಬೆಳೆಯಿತು.

ನೀವೂ ಇದನ್ನು ಮಾಡಬಲ್ಲಿರಿ. ಯಾವ ಕೆಲಸ ಮಾಡುವಾಗ ಖುಷಿಯಾಗುತ್ತದೆ ಎಂದು ಕೇಳಿಕೊಂಡರೆ ಸಾಲದು. ಅದು ಮುಗಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಿ.

ಮಕ್ಕಳ ನಡುವೆ ಮೂವತ್ತಮೂರರ ವಿದ್ಯಾರ್ಥಿ

1522ರ ಮಾರ್ಚ್ ತಿಂಗಳಲ್ಲಿ ಮೊಂಸೆರಾಟ್ ಬೆಟ್ಟದ ದೇವಮಾತೆಯ ಸನ್ನಿಧಿಯಲ್ಲಿ ಅವರು ತಮ್ಮ ಕತ್ತಿ ಕಠಾರಿಗಳನ್ನು ಒಪ್ಪಿಸಿದರು. ಮನ್ರೇಸ ಊರಿನಲ್ಲಿ ಸುಮಾರು ಹತ್ತು ತಿಂಗಳು ಪ್ರಾರ್ಥನೆ, ತಪಸ್ಸುಗಳಲ್ಲಿ ಕಳೆದರು. 1523ರಲ್ಲಿ ಜೆರುಸಲೇಮಿಗೆ ಹೋಗಿ ಅಲ್ಲಿಯೇ ಉಳಿದು ಸೇವೆ ಮಾಡಬೇಕೆಂದಿದ್ದರು. ಪುಣ್ಯಕ್ಷೇತ್ರಗಳನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ಕನ್ ಸಭೆಯ ಮುಖ್ಯಸ್ಥರು, ಅಲ್ಲಿ ಅಪಾಯವಿದೆ, ಹಿಂದಿರುಗಬೇಕು ಎಂದು ಆಜ್ಞೆ ಮಾಡಿದರು. ಹೃದಯ ಬದಲಾಗಿತ್ತು, ಯೋಜನೆ ಮಾತ್ರ ಮುರಿದುಬಿದ್ದಿತ್ತು.

ಆಗ ಅವರು ಅತ್ತುಕೊಂಡು ಕೂರಲಿಲ್ಲ. ಜನರ ಆತ್ಮಗಳಿಗೆ ನೆರವಾಗಬೇಕಾದರೆ ನನಗೇನು ಕೊರತೆಯಿದೆ ಎಂದು ತಮ್ಮನ್ನು ತಾವೇ ಕೇಳಿಕೊಂಡರು. ವಿದ್ಯೆ ಎಂಬ ಉತ್ತರ ಬಂತು. ಲತೀನ್ ಬಾರದೆ ಆ ಕಾಲದಲ್ಲಿ ಉನ್ನತ ಶಿಕ್ಷಣವಿರಲಿಲ್ಲ. 1524ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಬಾರ್ಸೆಲೋನದಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಕ್ರಿಯಾಪದಗಳ ರೂಪಗಳನ್ನು ಬಾಯಿಪಾಠ ಮಾಡತೊಡಗಿದರು. ಕೋಟೆಯ ಮೇಲೆ ನಿಂತು ಹೋರಾಡಿದ ಕುಲೀನ ಯೋಧನಿಗೆ ಇದೆಂಥ ತಗ್ಗುವಿಕೆ, ಯೋಚಿಸಿ.

ಅಲ್ಲೂ ಒಂದು ತೊಡಕು. ಪಾಠಕ್ಕೆ ಕುಳಿತೊಡನೆ ಭಕ್ತಿಯ ಸುಂದರ ಆಲೋಚನೆಗಳು ನುಗ್ಗಿ ಬರುತ್ತಿದ್ದವು; ಕಲಿತದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಯಾರಾದರೂ ಆಗಿದ್ದರೆ ಇದನ್ನು ದೇವರ ವರವೆಂದು ತಿಳಿದು ಪುಸ್ತಕ ಮುಚ್ಚಿಬಿಡುತ್ತಿದ್ದೆವೇನೋ! ಇಗ್ನೇಷಿಯಸರು ತಮ್ಮನ್ನೇ ಪರೀಕ್ಷಿಸಿಕೊಂಡರು. ಪ್ರಾರ್ಥನೆಯಲ್ಲೂ ಬಲಿಪೂಜೆಯಲ್ಲೂ ಬಾರದ ಈ ಆಲೋಚನೆಗಳು ವ್ಯಾಕರಣ ಕಲಿಯುವಾಗ ಮಾತ್ರ ಏಕೆ ಬರುತ್ತವೆ? ಇದು ಶೋಧನೆ ಎಂದು ಕಂಡುಕೊಂಡರು. ಗುರುವಿನ ಬಳಿ ಹೋಗಿ, ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ತೊಂದರೆ ಅಲ್ಲಿಗೆ ನಿಂತಿತು. ಒಳ್ಳೆಯದೆಂದು ತೋರುವ ಕೆಲಸವೂ ಕೆಲವೊಮ್ಮೆ ಮುಖ್ಯವಾದ ಕೆಲಸದಿಂದ ತಪ್ಪಿಸಿಕೊಳ್ಳುವ ನೆಪವಾಗಿರುತ್ತದೆ.

ಎರಡು ತಿಂಗಳು ಕೊಟ್ಟು ವರ್ಷವನ್ನು ಉಳಿಸಿಕೊಂಡವರು

1526ರಲ್ಲಿ ಅಲ್ಕಲಾ ವಿಶ್ವವಿದ್ಯಾಲಯಕ್ಕೆ ಹೋದರು. ತರ್ಕ, ನಿಸರ್ಗ ತತ್ವಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಒಟ್ಟಿಗೆ ಓದಲು ಹೊರಟು ಯಾವುದೂ ಗಟ್ಟಿಯಾಗಲಿಲ್ಲ. ಜೊತೆಗೆ ಓದಿಲ್ಲದೆ ಬೋಧಿಸುವವನೆಂಬ ಸಂಶಯಕ್ಕೆ ಗುರಿಯಾಗಿ 42 ದಿನ ಸೆರೆಯಲ್ಲಿದ್ದರು. ಸಲಮಾಂಕದಲ್ಲಿ ಮತ್ತೆ ಮೂರು ವಾರಗಳ ಸೆರೆ. ನಿರ್ದೋಷಿ ಎಂದು ಬಿಡುಗಡೆಯಾದರೂ, ಇನ್ನಷ್ಟು ಓದುವ ತನಕ ಬೋಧನೆಗೆ ಕಟ್ಟುಪಾಡು ಹಾಕಲಾಯಿತು.

1528ರ ಫೆಬ್ರವರಿಯಲ್ಲಿ ಪ್ಯಾರಿಸ್ ಸೇರಿದರು. ಆತುರದಲ್ಲಿ ಹಾಕಿದ ಅಡಿಪಾಯ ಸಡಿಲವಾಗಿದೆ ಎಂಬುದನ್ನು ಒಪ್ಪಿಕೊಂಡು ಮತ್ತೊಮ್ಮೆ ಲತೀನ್ ತರಗತಿಯಿಂದಲೇ ಆರಂಭಿಸಿದರು. ಆಗ ಅವರ ವಯಸ್ಸು ಸುಮಾರು ಮೂವತ್ತೇಳು!

ಹಣದ ಕಥೆಯನ್ನೂ ಕೇಳಿ. ಉಪಕಾರಿಗಳು ಕೊಟ್ಟ ಹಣವನ್ನು ಜೊತೆಗಿದ್ದ ಒಬ್ಬನ ಬಳಿ ಇಡಲು ಕೊಟ್ಟರು. ಆತ ಅದನ್ನು ಖರ್ಚು ಮಾಡಿಬಿಟ್ಟ. ಇಗ್ನೇಷಿಯಸರು ಕಾಲೇಜಿನಿಂದ ದೂರವಿದ್ದ ಬಡವರ ಆಶ್ರಯಗೃಹದಲ್ಲಿ ಉಳಿಯಬೇಕಾಯಿತು. ಅದರ ಬಾಗಿಲು ಬೆಳಿಗ್ಗೆ ತಡವಾಗಿ ತೆರೆಯುತ್ತಿತ್ತು, ಸಂಜೆ ಬೇಗ ಮುಚ್ಚುತ್ತಿತ್ತು. ಪಾಠಗಳು ತಪ್ಪುತ್ತಿದ್ದವು, ಉಳಿದ ಹೊತ್ತು ಭಿಕ್ಷೆಗೆ ಹೋಗುತ್ತಿತ್ತು. ವರ್ಷವಿಡೀ ದುಡಿದರೂ ಮುಂದೆ ಸಾಗದ ನಮ್ಮ ಎಷ್ಟೋ ಕುಟುಂಬಗಳ ಸ್ಥಿತಿ ಇದೇ ಅಲ್ಲವೇ? ಆಗ ಒಬ್ಬ ಸ್ಪ್ಯಾನಿಷ್ ಸನ್ಯಾಸಿ ಒಂದು ಸಲಹೆ ಕೊಟ್ಟರು. ವರ್ಷಕ್ಕೆ ಎರಡು ತಿಂಗಳು ಫ್ಲಾಂಡರ್ಸ್ ನಾಡಿಗೆ ಹೋಗಿ ಅಲ್ಲಿನ ಸ್ಪ್ಯಾನಿಷ್ ವ್ಯಾಪಾರಿಗಳಿಂದ ಇಡೀ ವರ್ಷಕ್ಕೆ ಬೇಕಾದುದನ್ನು ಬೇಡಿ ತಂದರೆ ಉಳಿದ ಕಾಲವನ್ನು ಓದಿಗೆ ಕೊಡಬಹುದಲ್ಲವೇ ಎಂದು. ಇಗ್ನೇಷಿಯಸರು ಅದನ್ನು ಪ್ರಾರ್ಥನೆಯಲ್ಲಿ ತೂಗಿ ನೋಡಿ ಹಾಗೆಯೇ ಮಾಡಿದರು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ ಸಾಮತಿ ನಿಮಗೆ ನೆನಪಿರಬೇಕು. ಮುಂದಾಲೋಚನೆ ಅವಿಶ್ವಾಸವಲ್ಲ.

ಸಾಂತ್ ಬಾರ್ಬ್ ಕಾಲೇಜಿನಲ್ಲಿ ಅವರ ಕೋಣೆಯ ಸಂಗಾತಿಗಳು ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಕ್ಸೇವಿಯರ್. ತಮಗಿಂತ ಹದಿನೈದು ವರ್ಷ ಚಿಕ್ಕವರಾದ ಫೇಬರರಿಂದ ಪಾಠ ಹೇಳಿಸಿಕೊಳ್ಳಲು ಇಗ್ನೇಷಿಯಸರು ನಾಚಲಿಲ್ಲ. 1535ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿಗೆ, ಸ್ನಾತಕೋತ್ತರ ಪದವಿ ದೊರೆಯಿತು.

ಯೋಜನೆಯಲ್ಲಿ ದೇವರಿಗೊಂದು ಬಾಗಿಲು

1534ರ ಆಗಸ್ಟ್ 15ರಂದು, ಮರಿಯಮಾತೆಯ ಸ್ವರ್ಗಾರೋಹಣದ ಹಬ್ಬದ ದಿನ, ಪ್ಯಾರಿಸಿನ ಮೋಂಮಾರ್ತ್ರ್ ಗುಡ್ಡದ ಪ್ರಾರ್ಥನಾಲಯದಲ್ಲಿ ಏಳು ಮಂದಿ ಗೆಳೆಯರು ವ್ರತ ಕೈಗೊಂಡರು. ಬಡತನದಲ್ಲಿ ಬಾಳುವುದು, ಜೆರುಸಲೇಮಿಗೆ ಹೋಗುವುದು. ಆದರೆ ಈ ಸಲ ಇಗ್ನೇಷಿಯಸರು ಹಳೆಯ ತಪ್ಪು ಮಾಡಲಿಲ್ಲ. ಒಂದು ವರ್ಷ ಕಾದರೂ ಹಡಗು ಸಿಗದಿದ್ದರೆ ಜಗದ್ಗುರುಗಳ ಬಳಿಗೆ ಹೋಗಿ, ಅವರು ಕಳುಹಿಸಿದ ಕಡೆ ಹೋಗುವುದು ಎಂಬ ಎರಡನೆಯ ದಾರಿಯನ್ನೂ ಮೊದಲೇ ನಿಶ್ಚಯಿಸಿಕೊಂಡರು.

ಆದದ್ದು ಎರಡನೆಯದೇ. 1537ರ ಜೂನ್ 24ರಂದು ವೆನಿಸಿನಲ್ಲಿ ಇಗ್ನೇಷಿಯಸರಿಗೆ ಗುರುದೀಕ್ಷೆಯಾಯಿತು. ತುರ್ಕರೊಡನೆ ಯುದ್ಧ ತಲೆದೋರಿ ಯಾತ್ರೆಯ ಹಡಗು ಹೊರಡಲಿಲ್ಲ. ಅವರು ರೋಮಿಗೆ ಹೋದರು. 1540ರ ಸೆಪ್ಟೆಂಬರ್ 27ರಂದು ಮೂರನೆಯ ಪೌಲರು ಯೇಸುಸಭೆಗೆ ಮಾನ್ಯತೆ ಕೊಟ್ಟರು. ಅದೇ ವರ್ಷ ಭಾರತಕ್ಕೆ ಹೊರಡಬೇಕಾಗಿದ್ದ ಬೊಬಾದಿಲ್ಯಾ ಕಾಯಿಲೆಬಿದ್ದಾಗ, ಇಗ್ನೇಷಿಯಸರು ತಮ್ಮ ಪ್ರೀತಿಯ ಕ್ಸೇವಿಯರರನ್ನೇ ಕಳುಹಿಸಿದರು. ಕ್ಸೇವಿಯರರು 1542ರ ಮೇ 6ರಂದು ಗೋವಾ ತಲುಪಿದರು. ಮೂರು ಶತಮಾನಗಳ ಮೇಲೆ, 1878ರ ಡಿಸೆಂಬರ್ 31ರಂದು, ಅದೇ ಸಭೆಯ ಇಟಲಿಯ ಗುರುಗಳು ಮಂಗಳೂರಿಗೆ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭಿಸಿದರು. ಅಲ್ಲಿ ಕಲಿತವರು ನಮ್ಮ ಮನೆಗಳಲ್ಲೂ ಇದ್ದಾರೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಊರೂರು ನಡೆಯುವ ಯಾತ್ರಿಕನಾಗಬೇಕೆಂದಿದ್ದ ಇಗ್ನೇಷಿಯಸರು 1541ರಲ್ಲಿ ಮಹಾಶ್ರೇಷ್ಠರಾಗಿ ಆರಿಸಲ್ಪಟ್ಟು, ಬಾಳಿನ ಕೊನೆಯ ಹದಿನೈದು ವರ್ಷಗಳನ್ನು ಹೆಚ್ಚಾಗಿ ರೋಮಿನ ಕೆಲವು ಕೋಣೆಗಳಲ್ಲೇ ಕಳೆದರು. ಸುಮಾರು ಏಳು ಸಾವಿರ ಪತ್ರಗಳು, ಸಭೆಯ ಸಂವಿಧಾನ, ಕಾಲೇಜುಗಳ ವ್ಯವಸ್ಥೆ, ಕಾಡುವ ಹೊಟ್ಟೆನೋವು. ಹೊರಗಿನಿಂದ ನೋಡಿದರೆ ಒಂದೇ ಮೇಜಿನ ಮುಂದೆ ಕುಳಿತ ಗುಮಾಸ್ತನ ಬಾಳು! ಆದರೆ ಅದು ನಿಂತ ನೀರಾಗಿರಲಿಲ್ಲ. 1556ರ ಜುಲೈ 31ರಂದು ಅವರು ತೀರಿಕೊಂಡಾಗ ಹತ್ತು ಮಂದಿಯ ಸಭೆ ಸುಮಾರು ಸಾವಿರ ಮಂದಿಯದಾಗಿತ್ತು. ಆದ್ದರಿಂದ ಕುರ್ಚಿ ಬದಲಾಗದಿದ್ದರೆ ಬಾಳು ನಿಂತಿತೆಂದಲ್ಲ. ಬಡ್ತಿ ಸಿಕ್ಕಿದರೆ ಬಾಳು ಬೆಳೆಯಿತೆಂದೂ ಅಲ್ಲ. ತಮ್ಮವರು ಉನ್ನತ ಪದವಿಗಳಿಗೆ ಆಸೆಪಡಬಾರದೆಂಬ ವ್ರತವನ್ನೇ ಇಗ್ನೇಷಿಯಸರು ವಿಧಿಸಿದ್ದರು. ನಿಲ್ಲುವುದು ಒಳಗೆ, ಕಲಿಯುವುದನ್ನು ಬಿಟ್ಟಾಗ.

ನೀವು ಏನು ಮಾಡಬಹುದು?

ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕಕ್ಕೆ ಜಗದ್ಗುರುಗಳ ಒಪ್ಪಿಗೆ ದೊರೆತದ್ದು 1548ರಲ್ಲಿ. ಅದರಲ್ಲಿರುವ ಮೂರು ಉಪಾಯಗಳನ್ನು ಸಂಸಾರಸ್ಥರೂ ಬಳಸಬಹುದು.

ಮೊದಲನೆಯದು ದಿನದ ಆತ್ಮಶೋಧನೆ. ರಾತ್ರಿ ಜಪಸರದ ಬಳಿಕ ಹತ್ತು ಹದಿನೈದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ದೇವರಿಗೆ ವಂದನೆ ಹೇಳಿ, ಬೆಳಕು ಬೇಡಿ, ದಿನವನ್ನು ಗಂಟೆ ಗಂಟೆಯಾಗಿ ನೋಡಿ, ತಪ್ಪಿಗೆ ಕ್ಷಮೆ ಕೇಳಿ, ನಾಳೆಗೆ ಒಂದು ನಿರ್ಧಾರ ಮಾಡಿ. ತಿದ್ದಿಕೊಳ್ಳಬೇಕಾದ ಒಂದೇ ದೋಷವನ್ನು ಹಿಡಿದು, ವಾರದ ಏಳು ದಿನಗಳಿಗೂ ಗೆರೆ ಎಳೆದು, ಎಡವಿದಾಗಲೆಲ್ಲ ಚುಕ್ಕೆ ಇಟ್ಟು, ಇಂದನ್ನು ನಿನ್ನೆಗೆ, ಈ ವಾರವನ್ನು ಕಳೆದ ವಾರಕ್ಕೆ ಹೋಲಿಸಿ ನೋಡುವ ಕ್ರಮವನ್ನೂ ಅವರು ಕಲಿಸಿದರು.

ಎರಡನೆಯದು, ನಿರ್ಧಾರ ಮಾಡುವ ಕ್ರಮ. ಕೆಲಸ ಬಿಡಬೇಕೇ, ಗಲ್ಫಿಗೆ ಹೋಗಬೇಕೇ, ಸಂಜೆ ತರಗತಿ ಸೇರಬೇಕೇ? ಲಾಭ ನಷ್ಟಗಳನ್ನು ತೂಗಿ ನೋಡಿ. ಹಾಳೆಯ ಮೇಲೆ ಬರೆದುಕೊಂಡರೆ ಇನ್ನೂ ಒಳ್ಳೆಯದು. ಪರಿಚಯವೇ ಇಲ್ಲದ ಒಬ್ಬನಿಗೆ ಇದೇ ಪರಿಸ್ಥಿತಿಯಿದ್ದರೆ ಏನು ಸಲಹೆ ಕೊಡುತ್ತಿದ್ದಿರಿ ಎಂದು ಯೋಚಿಸಿ. ಮರಣಶಯ್ಯೆಯಲ್ಲಿ ಮಲಗಿರುವಾಗ ಯಾವುದನ್ನು ಆರಿಸಿದ್ದರೆ ಒಳ್ಳೆಯದಿತ್ತು ಎನ್ನಿಸುವುದೋ ಅದನ್ನು ಕೇಳಿಕೊಳ್ಳಿ. ಮಡದಿಯೊಡನೆ, ಗಂಡನೊಡನೆ ಕುಳಿತು ಇದನ್ನು ಮಾಡಿದರೆ ಇನ್ನೂ ಮೇಲು.

ಮೂರನೆಯದು ಎಚ್ಚರಿಕೆ. ಮನಸ್ಸು ಕತ್ತಲೆಯಲ್ಲಿರುವಾಗ ಹಿಂದಿನ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು. ಮೇಲಧಿಕಾರಿ ಬೈದ ಸಂಜೆ ರಾಜೀನಾಮೆ ಬರೆಯಬೇಡಿ. ಬೆಳಕು ಬರುವ ತನಕ ಕಾದು, ಪ್ರಾರ್ಥಿಸಿ, ಆಮೇಲೆ ಹೆಜ್ಜೆ ಇಡಿ.

ಪ್ರಿಯ ಓದುಗರೇ, ವಯಸ್ಸು ಮೀರಿತು ಎಂದು ಅನ್ನಿಸಿದಾಗಲೆಲ್ಲ ಬಾರ್ಸೆಲೋನದ ಆ ಬೆಂಚಿನ ಮೇಲೆ ಹುಡುಗರ ನಡುವೆ ಕುಳಿತ ಕುಂಟುಗಾಲಿನ ವಿದ್ಯಾರ್ಥಿಯನ್ನು ನೆನಪಿಸಿಕೊಳ್ಳಿ. ಇಂದು ರಾತ್ರಿಯೇ ಒಂದು ಹಾಳೆ ತೆಗೆದುಕೊಂಡು, ಮುಂದಿನ ವರ್ಷದೊಳಗೆ ನೀವು ಕಲಿಯಬೇಕಾದ ಒಂದು ಸಂಗತಿಯನ್ನು ಬರೆಯಿರಿ. ಅದರ ಕೆಳಗೆ, ಅದು ಕೈಗೂಡದಿದ್ದರೆ ಹಿಡಿಯಬೇಕಾದ ಎರಡನೆಯ ದಾರಿಯನ್ನೂ ಬರೆಯಿರಿ. ಮಿಕ್ಕದ್ದನ್ನು ದೇವರ ಕೈಯಲ್ಲಿಡಿ. ಸಂತ ಇಗ್ನೇಷಿಯಸರು ನಿಮಗಾಗಿ, ನಿಮ್ಮ ಕುಟುಂಬಕ್ಕಾಗಿ ಪ್ರಾರ್ಥಿಸಲಿ.