ಸಾರಿನಲ್ಲಿ ಪ್ಲೇಗು ಬೆಳೆಸಿದ ಹಾಫ್‌ಕಿನ್

ನಮ್ಮ ಮನೆಯಲ್ಲಿ ರಾತ್ರಿ ಉಳಿದ ಸಾರನ್ನು ಅಜ್ಜಿ ಬೆಳಿಗ್ಗೆ ಮೊದಲು ಮೂಸಿ ನೋಡುತ್ತಾಳೆ. ವಾಸನೆ ಬಂದರೆ ತಿಪ್ಪೆಗೆ, ಬರದಿದ್ದರೆ ಕುದಿಸಿ ನಮಗೆ. ಸಾರು ಯಾಕೆ ಹಳಸುತ್ತದೆ ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ನಮಗೆ ರುಚಿಯಾದದ್ದು ಬ್ಯಾಕ್ಟೀರಿಯಾಗಳಿಗೂ ರುಚಿ ಅಂತ ನಕ್ಕರು. ಆಮೇಲೆ, ಬೇಕಂತಲೇ ಸಾರಿನಲ್ಲಿ ಪ್ಲೇಗಿನ ಕ್ರಿಮಿ ಬೆಳೆಸಿದ ಒಬ್ಬರ ಕಥೆ ಹೇಳಿದರು. ಅವರೇ ವಾಲ್ಡೆಮಾರ್ ಹಾಫ್‌ಕಿನ್. ಮೇಷ್ಟ್ರು ಹೇಳಿದ್ದು, ಪುಸ್ತಕದಲ್ಲಿ ಓದಿದ್ದು ಸೇರಿಸಿ ಬರೆದಿದ್ದೇನೆ.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಊರಲ್ಲಿ. ಆಗ ಅದು ರಷ್ಯಾದ ಚಕ್ರಾಧಿಪತ್ಯದಲ್ಲಿತ್ತು, ಈಗ ಉಕ್ರೇನಿನಲ್ಲಿದೆ. ಅವರು ಯಹೂದಿ. ಧರ್ಮ ಬಿಟ್ಟರೆ ಮಾತ್ರ ಅಲ್ಲಿ ದೊಡ್ಡ ಹುದ್ದೆ ಸಿಗುತ್ತಿತ್ತು, ಅವರು ಬಿಡಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರೆ ಅಲ್ಲಿ ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಬಿಡುವಿನ ವೇಳೆಯಲ್ಲಿ ಪ್ರಯೋಗ ಮಾಡುತ್ತಾ ಕಾಲರಾ ಲಸಿಕೆ ತಯಾರಿಸಿದರು. 1892ರ ಜುಲೈ 18ರಂದು ಅದನ್ನು ತಮಗೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದು ಊರೂರು ತಿರುಗಿ ಕಾಲರಾ ಲಸಿಕೆ ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅಕ್ಟೋಬರಿನಲ್ಲಿ ಸರ್ಕಾರ ಹಾಫ್‌ಕಿನ್ನರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಅವರ ಪ್ರಯೋಗಾಲಯ!

ಈಗ ಸಾರಿನ ವಿಷಯ. ಮಾಂಸವನ್ನು ನೀರಲ್ಲಿ ಬೇಯಿಸಿ ಸೋಸಬೇಕು. ಅದಕ್ಕೆ ಉಪ್ಪು ಮತ್ತು ಪೆಪ್ಟೋನ್ ಹಾಕಬೇಕು. ಪೆಪ್ಟೋನ್ ಅಂದರೆ ಅರ್ಧ ಜೀರ್ಣವಾದ ಪ್ರೋಟೀನು. ಹುಳಿ ಇದ್ದರೆ ಬಹಳ ಕ್ರಿಮಿಗಳಿಗೆ ಆಗೋದಿಲ್ಲ, ಆದ್ದರಿಂದ ಕ್ಷಾರ ಹಾಕಿ ಹುಳಿ ಮುರಿಯಬೇಕು. ಗಾಜಿನ ಬುರುಡೆಗೆ ಸುರಿದು, ಬಾಯಿಗೆ ಹತ್ತಿಯ ಬಿರಡೆ ಇಟ್ಟು, ಒತ್ತಡದ ಹಬೆಯಲ್ಲಿ ಬೇಯಿಸಬೇಕು. ನಮ್ಮ ಕುಕ್ಕರಿನ ಹಾಗೇ ಅನ್ನಿ. ಈಗಿನ ಪ್ರಯೋಗಾಲಯಗಳಲ್ಲಿ 121 ಡಿಗ್ರಿ, 15 ನಿಮಿಷ. ಹತ್ತಿಯ ಮೂಲಕ ಗಾಳಿ ಹೋಗುತ್ತದೆ, ಕ್ರಿಮಿ ಹೋಗೋದಿಲ್ಲ. ಈ ಸಾರು ಎಷ್ಟು ದಿನ ಇಟ್ಟರೂ ಹಳಸೋದಿಲ್ಲ. ಆಮೇಲೆ ಬೇಕಾದ ಕ್ರಿಮಿಯನ್ನು ಒಂದು ಚೂರು ಬಿಟ್ಟರೆ ಅದೊಂದೇ ಬೆಳೆಯುತ್ತದೆ. ಆದರೆ ಇದು ಬಹುತೇಕ ಎಲ್ಲ ಬ್ಯಾಕ್ಟೀರಿಯಾಗಳಿಗೂ ಹಿಡಿಸುವ ಊಟ. ಬೇಡದ್ದು ಒಂದು ಬಿದ್ದರೂ ಅದೂ ಕೂತು ಉಣ್ಣುತ್ತದೆ.

ಹಾಫ್‌ಕಿನ್ ದನದ ಮಾಂಸ ಬಳಸಲಿಲ್ಲ, ಹಂದಿಯದ್ದೂ ಬಳಸಲಿಲ್ಲ. ಹಿಂದೂಗಳೂ ಮುಸಲ್ಮಾನರೂ ಲಸಿಕೆ ತಗೋಬೇಕಲ್ಲ! ಆಡಿನ ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಸಾರು ಮಾಡಿದರು. ಅದರ ಮೇಲೆ ಒಂದಿಷ್ಟು ಹನಿ ತುಪ್ಪ ಬಿಟ್ಟರು. ಪ್ಲೇಗಿನ ಕ್ರಿಮಿ ತೇಲುವ ತುಪ್ಪಕ್ಕೆ ಅಂಟಿಕೊಂಡು, ಆಲದ ಮರದ ಬಿಳಲಿನಂತೆ ಕೆಳಕ್ಕೆ ಇಳಿಬೀಳುತ್ತಿತ್ತು. ಬುರುಡೆ ಸ್ವಲ್ಪ ಅಲುಗಿದರೂ ಬಿಳಲು ಕಳಚಿ ತಳ ಸೇರುತ್ತಿತ್ತು. ಆದ್ದರಿಂದ ಅಲುಗಾಡದಂತೆ ಇಡಬೇಕು. ಚೆನ್ನಾಗಿ ಬೆಳೆದ ಮೇಲೆ ತಾವೇ ಅಲುಗಿಸಿ ಬೀಳಿಸಿದರೆ ಮತ್ತೆ ಹೊಸ ಬೆಳೆ. ಹೀಗೆ ಐದಾರು ವಾರ. ಬಿಳಲು ಕಂಡರೆ ಅದು ಪ್ಲೇಗಿನದೇ ಬೆಳೆ ಅಂತಲೂ ಗೊತ್ತಾಗುತ್ತಿತ್ತು. ಕೊನೆಗೆ ಕಾಯಿಸಿ ಕ್ರಿಮಿಗಳನ್ನೆಲ್ಲ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ, ಸತ್ತ ಕ್ರಿಮಿಯ ಆ ಸಾರನ್ನೇ ಲಸಿಕೆಯಾಗಿ ಕೊಡುತ್ತಿದ್ದರು. ಪ್ಲೇಗಿಗೆ ತುಪ್ಪದ ಊಟ ಹಾಕಿದರು ಅಂತ ಕೇಳಿ ನಮ್ಮಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

1897ರ ಜನವರಿ 10ರಂದು ಇದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಬದುಕಿದರು. ಅದೇ ತಿಂಗಳು ಬೈಕುಲ್ಲಾ ಜೈಲಿಗೆ ಪ್ಲೇಗು ಹೊಕ್ಕಾಗ ಒಪ್ಪಿದ ಕೈದಿಗಳಿಗೆ ಹಾಕಿದರು. ಹಾಕಿಸಿಕೊಂಡವರಲ್ಲಿ ರೋಗ ಕಡಿಮೆ ಬಂತು. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂತು. ನಮ್ಮ ಹುಬ್ಬಳ್ಳಿಯಲ್ಲಿ ಆ ವರ್ಷ ಸಾವಿರಾರು ಮಂದಿ ಈ ಲಸಿಕೆ ಹಾಕಿಸಿಕೊಂಡರು. ಆ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮಜ್ಜಿ ಅವರಜ್ಜಿಯಿಂದ ಕೇಳಿದ್ದಾಳೆ. ಇಲಿ ಸತ್ತು ಬಿದ್ದರೆ ಸಾಕು, ಪಾತ್ರೆಪಡಗ ಕಟ್ಟಿಕೊಂಡು ಹೊರಡುತ್ತಿದ್ದರಂತೆ.

ಇಲ್ಲಿಂದ ಮುಂದಿನದು ಬರೆಯಲು ನನಗೆ ಬೇಜಾರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಈಗ ಪಾಕಿಸ್ತಾನ) 107 ಮಂದಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನಕ್ಕೆ ಹಾಕಿದ್ದು ಒಂದೇ ಸೀಸೆಯದು. ಸಾರು ತಯಾರಿಸುವಾಗಲೇ ಮುಂಬಯಿಯಲ್ಲಿ ಕೆಟ್ಟಿದೆ ಅಂತ ತನಿಖೆಯವರು ತೀರ್ಮಾನಿಸಿದರು. ಅಷ್ಟರಲ್ಲಿ ಕೆಲಸ ಬೇಗ ಆಗಲೆಂದು ಹಾಫ್‌ಕಿನ್ ತಯಾರಿಕೆಯ ಕ್ರಮ ಬದಲಿಸಿ ಕಾರ್ಬಾಲಿಕ್ ಆಮ್ಲ ಕೈಬಿಟ್ಟಿದ್ದರು, ಅದೂ ಅವರ ತಲೆಗೇ ಬಂತು. ಅವರನ್ನು ಕೆಲಸದಿಂದ ತೆಗೆದರು.

ಆದರೆ ಧನುರ್ವಾಯುವಿನ ಕ್ರಿಮಿ ಇರುವುದು ಮಣ್ಣಿನಲ್ಲಿ. ಅಂದು ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬಿರಡೆ ಕಿತ್ತಿದ್ದ. ಇನ್ನೊಂದು ಮಾತು. ಆ ಕ್ರಿಮಿ ಸಾರಿನಲ್ಲಿ ವಾರಗಟ್ಟಲೆ ಬೆಳೆದಿದ್ದರೆ ಕೊಳೆತ ವಾಸನೆ ಹೊಡೆಯಬೇಕಿತ್ತು. ಹಾಕುವ ಮೊದಲು ವೈದ್ಯರು ಸೀಸೆ ಮೂಸಿದ್ದರು, ವಾಸನೆ ಇರಲಿಲ್ಲ! ಅಜ್ಜಿ ಮಾಡುವ ಪರೀಕ್ಷೆಯೇ ಇದು. ಇಷ್ಟು ಸಣ್ಣ ವಿಷಯ ತನಿಖೆಯವರಿಗೆ ಸಾಲದೆ ಹೋಯಿತಲ್ಲ ಅಂತ ನನಗೆ ಸಿಟ್ಟೇ ಬಂತು. ಮಲೇರಿಯಾ ಸೊಳ್ಳೆಯ ರೋನಾಲ್ಡ್ ರಾಸ್ ಗೊತ್ತಲ್ಲ, ಅವರು ಪತ್ರಿಕೆಗೆ ಬರೆದು ಹಾಫ್‌ಕಿನ್ನರ ಪರ ನಿಂತರು. 1907ರಲ್ಲಿ ಆರೋಪ ಬಿದ್ದುಹೋಯಿತು. ಆ ಹೊತ್ತಿಗೆ ಐದು ವರ್ಷ ಕಳೆದಿತ್ತು.

ಹಾಫ್‌ಕಿನ್ ಮತ್ತೆ ಕೆಲಸಕ್ಕೆ ಬಂದರು, ಆದರೆ ಮುಂಬಯಿಗಲ್ಲ, ಕಲ್ಕತ್ತೆಗೆ. ಕೆಲವು ವರ್ಷಗಳ ನಂತರ ಭಾರತ ಬಿಟ್ಟು ಹೋದರು. ಮದುವೆ ಆಗಲಿಲ್ಲ. ಮುಂಬಯಿಯ ಪರೇಲ್‌ನಲ್ಲಿದ್ದ ಅವರ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಅಂತ ಹೆಸರಿಟ್ಟರು, ಈಗಲೂ ಅದೇ ಹೆಸರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದಲ್ಲಿ ಅವರು ತೀರಿಕೊಂಡರು.