ಎರಡು ಪೈಸೆಯ ಶಾಲೆ

ಮುಳಬಾಗಿಲು ತಾಲ್ಲೂಕಿನ ನಮ್ಮ ಆವನಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದು ಊರ ಹಿರಿಯರು ಹೇಳುತ್ತಾರೆ. ಗಂಡನ ಮನೆಯಿಂದ ಹೊರಗಾದ ಸೀತೆ ಇಲ್ಲೇ ಅವಳಿ ಮಕ್ಕಳನ್ನು ಹೆತ್ತಳಂತೆ. ಋಷಿ ಮೊದಲು ತಾಯಿಗೆ ಆಸರೆ ಕೊಟ್ಟ, ಆಮೇಲೆ ಮಕ್ಕಳಿಗೆ ವಿದ್ಯೆ ಕಲಿಸಿದ. ಇದು ಐತಿಹ್ಯ. ಇದೇ ಕ್ರಮದಲ್ಲಿ ಶಾಲೆ ನಡೆಸಿದವರು ನಮ್ಮ ನಾಡಿನ ಇತಿಹಾಸದಲ್ಲೂ ಇದ್ದಾರೆ. ಅವರೇ ಮಂಗಳೂರಿನ ಕುದ್ಮುಲ್ ರಂಗರಾಯರು.

1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಅವರು ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬದುಕು ಹುಡುಕುತ್ತಾ ಮಂಗಳೂರಿಗೆ ಬಂದರು. ಕೆಲಕಾಲ ಶಾಲಾ ಮಾಸ್ತರರಾಗಿದ್ದು, ಮುಂದೆ ವಕೀಲರಾದರು. ಬ್ರಹ್ಮ ಸಮಾಜವನ್ನು ಸೇರಿದರು.

ಆ ಕಾಲದಲ್ಲಿ ದಲಿತ ಮಕ್ಕಳಿಗೆ ಬೇರೆಯವರ ಜೊತೆ ಕುಳಿತು ಓದುವ ಅವಕಾಶವೇ ಇರಲಿಲ್ಲ. 1892ರಲ್ಲಿ ರಂಗರಾಯರು ಆ ಮಕ್ಕಳಿಗಾಗಿಯೇ ಶಾಲೆ ತೆರೆದರು. ಶಾಲೆ ತೆರೆದರೆ ಸಾಕೇ? ಮಕ್ಕಳು ಬರಬೇಕಲ್ಲ! ಹಸಿದ ಹೊಟ್ಟೆಗೆ ಅಕ್ಷರ ರುಚಿಸದು. ಮಗು ಶಾಲೆಗೆ ಹೋದರೆ ಮನೆಗೆ ಒಂದು ಕೂಲಿಯ ಕೈ ಕಡಿಮೆ. ಇದನ್ನು ಅರಿತ ರಾಯರು ಮಧ್ಯಾಹ್ನ ಊಟ ಹಾಕಿಸಿದರು. ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಕಲಿಸಲು ಮೇಲ್ಜಾತಿಯ ಮಾಸ್ತರರು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು.

ಶುಭಸಂದೇಶದ ದಯಾಳು ಸಮಾರಿತನೂ ಗಾಯಾಳುವಿಗಾಗಿ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು ಹೋದದ್ದು ನಿಮಗೆ ನೆನಪಿರಬಹುದು. ಅಯ್ಯೋ ಪಾಪ ಎನ್ನಲು ಖರ್ಚಿಲ್ಲ. ಮಗು ಯಾಕೆ ಬರಲಿಲ್ಲ ಎಂದು ಅದರ ಮನೆಯ ಹೊಸ್ತಿಲಲ್ಲಿ ನಿಂತು ಯೋಚಿಸುವವನಿಗೆ ಖರ್ಚಿದೆ. ನಮ್ಮ ಸೀಮೆಯಲ್ಲಿ ಟೊಮ್ಯಾಟೊ ಕೀಳುವ ಕಾಲಕ್ಕೆ ಹಾಜರಿ ಕರೆದರೆ ಎಷ್ಟೋ ಹೆಸರುಗಳಿಗೆ ಉತ್ತರವೇ ಬರುವುದಿಲ್ಲ. ಮರುದಿನ ಆ ಮಕ್ಕಳಿಗೆ ನಾವು ಕೇಳುವ ಮೊದಲ ಪ್ರಶ್ನೆ ಯಾವ ದನಿಯಲ್ಲಿರುತ್ತದೆ? ಶಿಕ್ಷಕ ಬಂಧುಗಳು ಬೇಸರಿಸಬಾರದು, ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ರಾಯರು ಈ ಕೆಲಸಕ್ಕೆ ಬೆಲೆ ತೆತ್ತರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಅವರು ಹಿಂಜರಿಯಲಿಲ್ಲ. 1897ರಲ್ಲಿ ದಲಿತೋದ್ಧಾರಕ್ಕೆಂದು ಸಂಸ್ಥೆಯನ್ನೇ ಸ್ಥಾಪಿಸಿದರು. ಶೇಡಿಗುಡ್ಡೆಯಲ್ಲಿ ಅಕ್ಷರದೊಂದಿಗೆ ಕೈಕಸುಬನ್ನೂ ಕಲಿಸಿದರು. ಮಗಳು ರಾಧಾಬಾಯಿಯನ್ನು ಓದಿಸಿ, ಜಾತಿಯ ಗೆರೆ ದಾಟಿ, ತಮಿಳುನಾಡಿನ ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಊರಿಗೊಂದು, ಮನೆಗೊಂದು ನ್ಯಾಯ ಅವರಲ್ಲಿರಲಿಲ್ಲ. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕೆಲಸವನ್ನು ಮೆಚ್ಚಿದರು. ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರು.

ಮಂಗಳೂರಿನಲ್ಲೇ ಅವರ ಸಮಾಧಿಯಿದೆ. ಅವರ ಆಸೆಯೊಂದನ್ನು ಅಲ್ಲಿ ಕೆತ್ತಿಸಿದ್ದಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಮುಂದೆ ಸರ್ಕಾರಿ ಹುದ್ದೆಗೇರಿ, ಕಾರಿನಲ್ಲಿ ಊರಿನ ರಸ್ತೆಯಲ್ಲಿ ಓಡಾಡಬೇಕು. ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದೇ ಆ ಆಸೆ.